ಬೋರ್ಡಿನೊಳಗಿನ ಗುಬ್ಬಿಗೂಡು

ಗುಬ್ಬಿಯೊಂದು ಕೊಕ್ಕಿನಲ್ಲಿ ನೀಲಿ ದಾರ ಕಚ್ಚಿಕೊಂಡು ಶೆಡ್ಡಿನೊಳಗೆ ಹಾರಿಬಂದು, ಬಾಗಿಲ ಪಕ್ಕದ ಕರೆಂಟಿನ ಬೋರ್ಡಿನ ತೂತಿನೊಳಗೆ ನುಸುಳಿದ್ದನ್ನು ಮೊದಲು ಕಂಡವಳು ಚಿನ್ನಕ್ಕ. ಜೀನ್ಸ್ ಪ್ಯಾಂಟಿನ ಒಂದು ಕಾಲು ಅವಳ ಕೈಕೆಳಗೆ ಓಡುತ್ತಿತ್ತು. ಪೆಡಲಿನಿಂದ ಪಾದ ಎತ್ತಿದಳು. ಮಷೀನು ನಿಂತಿತು.

"ಯಾಕ ನಿಂದ್ರಿಸಿದಿ?" ಕೆಳಗೆ ಕೂತು ಹೊಲಿದ ಪ್ಯಾಂಟುಗಳ ದಾರದ ತುದಿ ಕತ್ತರಿಸುತ್ತಿದ್ದ ಮಂಜುಳಮ್ಮ ಕೇಳಿದಳು.

"ಬೋರ್ಡಿನಾಗ ಗುಬ್ಬಿ ಹೋತು."

"ಹೋದರ ಹೋಗಲಿ. ಗೂಡು ಕಟ್ಟತಿರಬೇಕು. ಚಲೋದಲ್ಲೇನು?"

ಚಿನ್ನಕ್ಕ ಬೋರ್ಡನ್ನೇ ನೋಡುತ್ತಿದ್ದಳು. ಆ ಗುಬ್ಬಿ ಹೊರಬಂದು ಹಾರಿಹೋಯಿತು. ಸ್ವಲ್ಪ ಹೊತ್ತಿಗೆ ಕೊರಳಲ್ಲಿ ಕರಿ ಮಚ್ಚೆಯಿದ್ದ ಗಂಡು ಗುಬ್ಬಿ ಒಣಹುಲ್ಲಿನ ಕಡ್ಡಿ ಹಿಡಿದು ಬಂದಿತು. ಅದೂ ಒಳಹೊಕ್ಕಿತು. ದಾರ, ಹುಲ್ಲು, ಹತ್ತಿಯ ಧೂಳು. ಬೆಂಕಿಗೆ ಇಷ್ಟು ಸಾಕು ಎಂದು ಅವಳಿಗೆ ಗೊತ್ತಿತ್ತು. ಅವಳ ಅಂಗೈ ಬೆವರಿ, ಮುಟ್ಟಿದ ಬಟ್ಟೆಯ ನೀಲಿ ಬಣ್ಣ ಕೈಗೆ ಹತ್ತಿತು.

ರಾಯದುರ್ಗದ ಕೋಟೆ ಗುಡ್ಡದ ಕೆಳಗಿನ ಆ ಓಣಿಯಲ್ಲಿ ಹತ್ತು ಮನೆಗೆ ಐದು ಹೊಲಿಗೆಯ ಶೆಡ್ಡುಗಳು. ಚಿನ್ನಕ್ಕ ಕೆಲಸ ಮಾಡುತ್ತಿದ್ದ ಶೆಡ್ಡು ಕೊಟ್ರಬಸಪ್ಪನದು, ಅವನ ಮನೆಯ ಹಿತ್ತಲಲ್ಲೇ ಇತ್ತು. ಮೇಲೆ ತಗಡು, ಒಳಗೆ ಹನ್ನೆರಡು ಮಷೀನು. ಬಾಗಿಲು ಎರಡಿದ್ದರೂ ಹಿಂದಿನ ಬಾಗಿಲಿಗೆ ಅಡ್ಡವಾಗಿ ಬಟ್ಟೆಯ ಬಂಡಲುಗಳನ್ನು ಎದೆಯೆತ್ತರ ಒಟ್ಟಿದ್ದರು. ಹೋಗಿಬರಲು ಉಳಿದದ್ದು ಮುಂದಿನ ಬಾಗಿಲೊಂದೇ. ಕರೆಂಟಿನ ಬೋರ್ಡು ಇದ್ದದ್ದು ಆ ಬಾಗಿಲಿಗೆ ಒಂದು ಮೊಳ ದೂರದಲ್ಲಿ. ಅಲ್ಲಿ ಬೆಂಕಿ ಎದ್ದರೆ ಒಳಗಿದ್ದವರಿಗೆ ದಾರಿಯಿಲ್ಲ.

ಇದನ್ನು ಚಿನ್ನಕ್ಕ ಕೆಲಸಕ್ಕೆ ಸೇರಿದ ದಿನವೇ ಲೆಕ್ಕ ಹಾಕಿದ್ದಳು. ಯಾವ ಮನೆಗೆ ಹೋದರೂ ಮೊದಲು ಬಾಗಿಲು ಎಷ್ಟು ಎಂದು ನೋಡುವುದು ಮೂರು ವರ್ಷದಿಂದ ಅವಳಿಗೆ ಅಂಟಿಕೊಂಡಿತ್ತು.

ಅದಕ್ಕೂ ಮುಂಚೆ ಅವಳು ಬೆಂಗಳೂರಿನಲ್ಲಿದ್ದಳು. ಗಂಡ ಚೌಡೇಶ ಕಟ್ಟಡಗಳಲ್ಲಿ ಸೆಂಟ್ರಿಂಗ್ ಕೆಲಸಕ್ಕೆ ಹೋಗುತ್ತಿದ್ದ, ಅವಳು ಒಂದು ಸಣ್ಣ ಗಾರ್ಮೆಂಟ್ಸಿಗೆ. ಪಕ್ಕದ ಮಷೀನಿನಲ್ಲಿ ಮಡಕಶಿರದ ಹುಡುಗಿ ಪ್ರಸನ್ನಲಕ್ಷ್ಮಿ. ಇಬ್ಬರೂ ಒಂದೇ ಡಬ್ಬಿಯಲ್ಲಿ ಉಣ್ಣುತ್ತಿದ್ದರು. ಒಂದು ಮಧ್ಯಾಹ್ನ ಇಸ್ತ್ರಿ ಹಾಕುವ ಕಡೆಯಿಂದ ಹೊಗೆ ಎದ್ದಿತು. ಎಲ್ಲರೂ ಮೆಟ್ಟಿಲಿನತ್ತ ನುಗ್ಗಿದರು. ಪ್ರಸನ್ನಿಯ ವೇಲು ಮಷೀನಿನ ಬೆಲ್ಟಿಗೆ ಸಿಕ್ಕಿಕೊಂಡಿತ್ತು. "ಚಿನ್ನಕ್ಕಾ, ವೇಲು ಬಿಡಿಸೇ" ಎಂದು ಅವಳು ಕೂಗಿದ್ದು ಚಿನ್ನಕ್ಕನಿಗೆ ಕೇಳಿಸಿತು. ಕೇಳಿಸಿಯೂ ಓಡಿದಳು. ಬೀದಿಗೆ ಬಂದು ನಿಂತ ಮೇಲೆ ಯಾರೋ ಗಂಡಸರು ಪ್ರಸನ್ನಿಯನ್ನು ಕಂಬಳಿಯಲ್ಲಿ ಸುತ್ತಿ ಇಳಿಸಿ ತಂದರು. ಜೀವ ಉಳಿಯಿತು. ಅವರ ಮನೆಯವರು ಅವಳನ್ನು ಮಡಕಶಿರಕ್ಕೆ ಕರೆದುಕೊಂಡು ಹೋದರು. ಚಿನ್ನಕ್ಕ ಗಂಡನನ್ನು ಅಲ್ಲೇ ಬಿಟ್ಟು ರಾಯದುರ್ಗಕ್ಕೆ, ತಾಯಿ ಬಸಲಿಂಗಮ್ಮನ ಮನೆಗೆ ಬಂದುಬಿಟ್ಟಳು. ಚೌಡೇಶ ಎರಡು ತಿಂಗಳಿಗೊಮ್ಮೆ ಬಂದು, ಮತ್ತೆ ಬಾ ಎಂದು ಕರೆದು ಹೋಗುತ್ತಿದ್ದ. ಕೂಗು ಕೇಳಿಸಿತ್ತು ಎಂಬ ಮಾತನ್ನು ಅವಳು ಗಂಡನಿಗೂ ಹೇಳಿರಲಿಲ್ಲ.

ಗುಬ್ಬಿಗಳನ್ನು ಕಂಡ ದಿನ ಸಂಜೆ ಚಿನ್ನಕ್ಕ ಕೊಟ್ರಬಸಪ್ಪನಿಗೆ ಹೇಳಿದಳು.

"ಅಣ್ಣಾ, ಬೋರ್ಡಿನಾಗ ಗುಬ್ಬಿ ಗೂಡು ಕಟ್ಟಾಕ ಹತ್ಯಾವ. ದಾರ ಹುಲ್ಲು ಒಯ್ದು ತುಂಬತಾವ. ಬೆಂಕಿ ಹತ್ತತೈತ್ರಿ."

ಕೊಟ್ರಬಸಪ್ಪ ಕೆಟ್ಟವನಲ್ಲ. ಬೀಡಿ ಆರಿಸಿ ಬಂದು, ಒಂದು ಕಡ್ಡಿಯಿಂದ ತೂತಿನೊಳಗಿನ ಕಸ ಕೆದಕಿ ತೆಗೆದ. ಮರುದಿನ ಹೊತ್ತು ಏರುವಷ್ಟರಲ್ಲಿ ಜೋಡಿ ಮತ್ತೆ ಶುರು ಮಾಡಿತ್ತು. ಇನ್ನೊಮ್ಮೆ ಕಿತ್ತ, ತೂತಿಗೆ ಚಿಂದಿ ತುರುಕಿದ. ಗುಬ್ಬಿಗಳು ಚಿಂದಿಯ ಎಳೆಯನ್ನೇ ಎಳೆದು ಒಳಗೆ ಹಾಸಿಕೊಂಡವು. ಮೂರನೇ ಸಲ ಅವನ ಹೆಂಡತಿ ಬಿಡಲಿಲ್ಲ. ಗುಬ್ಬಿಗೂಡು ಪದೇ ಪದೇ ಕಿತ್ತರೆ ಮನೆಗೆ ಒಳ್ಳೆಯದಾಗುವುದಿಲ್ಲ ಎಂದಳು. ಕರೆಂಟಿನವನನ್ನು ಕರೆಸಿ ಬೋರ್ಡಿಗೆ ಮುಚ್ಚಳ ಹಾಕಿಸಿರಿ ಎಂದು ಚಿನ್ನಕ್ಕ ಕೇಳಿದಳು.

"ಅದಕ್ಕ ಅರ್ಧ ದಿನ ಮಷೀನು ನಿಲ್ಲಬೇಕು. ಈ ಪ್ಯಾಂಟಿನ ಲಾಟು ಬಳ್ಳಾರಿಗೆ ಹೋಗಲಿ, ಆಮ್ಯಾಲ ಹಾಕಸ್ತೀನಿ. ನೀ ಸುಮ್ಮನ ಹೆದರಬ್ಯಾಡ."

ಸುಮ್ಮನೆ ಇರಲು ಅವಳಿಗೆ ಆಗಲಿಲ್ಲ. ಆಗ ದಿನಕ್ಕೆ ಎರಡು ಮೂರು ಸಲ ಕರೆಂಟು ಹೋಗುತ್ತಿತ್ತು. ತೀರಾ ಅವಸರವಿದ್ದಾಗ ಮಾತ್ರ ಕೊಟ್ರಬಸಪ್ಪ ಹಿತ್ತಲ ಜನರೇಟರ್ ಹೊತ್ತಿಸುತ್ತಿದ್ದ. ಕರೆಂಟು ಹೋದಾಗ ಅವಳಿಗೆ ನೆಮ್ಮದಿ. ಬರುವಾಗ ಬೋರ್ಡಿನೊಳಗೆ ಚಟ್ ಎಂಬ ಸದ್ದು ಕೇಳುತ್ತಿತ್ತು, ಅವಳು ಅರ್ಧ ಎದ್ದು ಬಾಗಿಲತ್ತ ನೋಡುತ್ತಿದ್ದಳು. ಒಂದು ದಿನ ಹಾಗೆ ಕರೆಂಟು ಬಂದ ಗಳಿಗೆಯಲ್ಲೇ ಸುಟ್ಟ ವಾಸನೆ ಬಂತು. "ಬೆಂಕಿ! ಹೊರಗ ಓಡ್ರಿ!" ಎಂದು ಚೀರಿ ಬಾಗಿಲಿಗೆ ಹಾರಿದಳು. ಎಲ್ಲರೂ ಎದ್ದುಬಿದ್ದು ಓಡಿದರು. ನೂಕುನುಗ್ಗಲಿನಲ್ಲಿ ಮಂಜುಳಮ್ಮ ಹೊಸ್ತಿಲ ಕಲ್ಲಿಗೆ ಮಂಡಿ ಊರಿ ಬಿದ್ದಳು. ನೋಡಿದರೆ ಪಕ್ಕದ ಶೆಡ್ಡಿನಲ್ಲಿ ಇಸ್ತ್ರಿಯ ಕೆಳಗೆ ಬಟ್ಟೆ ಸೀದಿತ್ತು. ಅಷ್ಟೇ.

ಮಂಜುಳಮ್ಮನ ಮಂಡಿ ಹಲಸಿನ ತೊಳೆಯ ಹಾಗೆ ಊದಿಕೊಂಡಿತು. ಅಂದಿನಿಂದ ಅವಳು ಗೋಡೆ ಹಿಡಿದು ನಡೆಯುತ್ತಿದ್ದಳು. ಚಿನ್ನಕ್ಕನಿಗೆ ಒಂದು ಮಾತೂ ಅನ್ನಲಿಲ್ಲ. ಕೊಟ್ರಬಸಪ್ಪ ಅಂದ.

"ಇನ್ನೊಂದ್ಸಲ ಹಿಂಗ ಮಾಡಿದರ ನೀ ಮನ್ಯಾಗ ಇದ್ದುಬಿಡವ್ವ. ನಿನ್ನ ಹೆದರಿಕಿ ನೋಡಿ ಉಳಿದವರ ಕೈಯೂ ನಡುಗತಾವ."

ಗುಬ್ಬಿಗಳನ್ನೇ ಅಲ್ಲಿಂದ ಬೇರೆ ಕಡೆ ಸೆಳೆಯಬೇಕು ಎಂಬ ವಿಚಾರ ಅವಳಿಗೆ ಬಂದದ್ದು ಆಗ. ಒಂದು ಹಳೆಯ ಮಡಕೆಯನ್ನು ಹಗ್ಗದಿಂದ ಹಿತ್ತಲ ಬೇವಿನ ಮರದ ಕೊಂಬೆಗೆ ತೂಗುಹಾಕಿದಳು. ಒಳಗೆ ಹುಲ್ಲಿಟ್ಟಳು, ಕೆಳಗೆ ನವಣೆ ಚೆಲ್ಲಿದಳು. ಗುಬ್ಬಿಗಳು ನವಣೆ ತಿಂದವು, ಮಡಕೆಯತ್ತ ತಿರುಗಿಯೂ ನೋಡದೆ ಬೋರ್ಡಿಗೆ ಹೋದವು.

ಆ ಮಡಕೆ ಗಾಳಿಗೆ ತಿರುಗುವುದನ್ನು ನೋಡುತ್ತಿದ್ದಾಗ ಅವಳಿಗೆ ಪ್ರಸನ್ನಿ ಹೇಳುತ್ತಿದ್ದುದು ನೆನಪಾಯಿತು. ಮಡಕಶಿರದ ಹತ್ತಿರ ಅವರ ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಿದ್ದರು. ಗುಬ್ಬಿಗಳು ಹುಳುವಿನ ಮನೆಗೆ ನುಗ್ಗಿ ಹುಳು ಹೆಕ್ಕಬಾರದೆಂದು ಅವಳ ಅಪ್ಪ ಹಿತ್ತಲಿನ ಆಚೆ ಮರದ ಗೂಡುಗಳನ್ನು ಮಾಡಿ ಅಲ್ಲಿಗೆ ಒಲಿಸಿಕೊಂಡಿದ್ದನಂತೆ. ಹೇಗೆಂದು ಕೇಳಬಹುದಾದವಳು ಪ್ರಸನ್ನಿ ಒಬ್ಬಳೇ.

ಅವಳನ್ನು ನೋಡಲು ಹೋಗಬೇಕೆಂದರೆ ಚಿನ್ನಕ್ಕನಿಗೆ ಬೋರ್ಡಿಗಿಂತ ಹೆಚ್ಚು ಭಯ. ಎರಡು ರಾತ್ರಿ ನಿದ್ದೆ ಬರಲಿಲ್ಲ. ಮೂರನೆಯ ದಿನ ಹೆಣ್ಣು ಗುಬ್ಬಿ ಕೊಕ್ಕಿನಲ್ಲಿ ಕೋಳಿಯ ಬಿಳಿ ಪುಕ್ಕ ಹಿಡಿದು ಒಳಹೋದದ್ದನ್ನು ಕಂಡಳು. ಅದರರ್ಥ ಅವಳಿಗೆ ತಿಳಿಯಲಿಲ್ಲ. ಹೊತ್ತು ಮೀರುತ್ತಿದೆ ಎಂದು ಮಾತ್ರ ಅನ್ನಿಸಿತು. ಮರುದಿನ ರಜೆ ಹೇಳಿ, ಕಲ್ಯಾಣದುರ್ಗದಲ್ಲೊಮ್ಮೆ, ಪಾವಗಡದಲ್ಲೊಮ್ಮೆ ಬಸ್ಸು ಬದಲಿಸಿ ಮಡಕಶಿರಕ್ಕೆ ಹೋದಳು. ದಾರಿಯುದ್ದಕ್ಕೂ ಬಸ್ಸಿನ ಬಾಗಿಲ ಪಕ್ಕದ ಸೀಟಿನಲ್ಲೇ ಕೂತಿದ್ದಳು. ಪ್ರತಿ ಸ್ಟಾಪಿನಲ್ಲೂ ಇಳಿದು ಹಿಂದಿರುಗೋಣ ಎನ್ನಿಸುತ್ತಿತ್ತು.

ಪ್ರಸನ್ನಿ ಮನೆಯ ಜಗಲಿಯ ಮೇಲೆ ಕೂತು ಹಿಪ್ಪುನೇರಳೆ ಸೊಪ್ಪು ಹೆಚ್ಚುತ್ತಿದ್ದಳು. ಎಡಗೈ ಮೊಣಕೈವರೆಗೂ, ಕೊರಳಿನಿಂದ ಕಿವಿಯ ಕೆಳಗಿನವರೆಗೂ ಚರ್ಮ ಮುದುರಿ ಹೊಳೆಯುತ್ತಿತ್ತು. ಚಿನ್ನಕ್ಕನನ್ನು ಕಂಡು ಕತ್ತಿ ಕೆಳಗಿಟ್ಟಳು. ನಗಲಿಲ್ಲ.

"ಬಂದ್ಯಾ. ಕುತ್ಕ."

ನೀರು ಕೊಟ್ಟಳು. ಚಿನ್ನಕ್ಕ ಲೋಟ ಹಿಡಿದುಕೊಂಡೇ ಕೂತಳು, ಕುಡಿಯಲಿಲ್ಲ. ಗುಬ್ಬಿಯ ವಿಷಯ ಹೇಳಬೇಕೆಂದು ಬಾಯಿ ತೆರೆದರೆ ಬೇರೆಯೇ ಬಂತು.

"ಪ್ರಸನ್ನಿ, ಅವತ್ತು ನೀ ಕೂಗಿದ್ದು ನನಗ ಕೇಳಿಸಿತ್ತು."

"ಗೊತ್ತು ಕಣೆ," ಎಂದಳು ಪ್ರಸನ್ನಿ. "ನೀನು ತಿರುಗಿ ನೋಡ್ದೆ. ನಿನ್ನ ಮುಖ ನಾನು ನೋಡ್ದೆ."

ಚಿನ್ನಕ್ಕ ಲೋಟವನ್ನು ಜಗಲಿಯ ಮೇಲಿಟ್ಟಳು.

"ಓಡಿದ್ದಕ್ಕೆ ನಂಗೆ ಸಿಟ್ಟಿಲ್ಲ. ಆ ಹೊಗೇಲಿ ನಿಂತಿದ್ರೆ ನಿಂಗೂ ಕೈ ಸುಟ್ಟಿರೋದು, ವೇಲು ಬಿಚ್ಕಂತಿರ್ಲಿಲ್ಲ. ಕೆಳಗೆ ಹೋಗಿ ನೀನೇ ಅಂತಲ್ಲ ಆ ಗಂಡಸ್ರಿಗೆ ಹೇಳಿದ್ದು, ಮೇಲೆ ಒಬ್ಳು ಅವ್ಳೆ ಅಂತ? ಆಸ್ಪತ್ರೇಲಿ ಅಂದ್ರು."

ಹೇಳಿದ್ದು ನಿಜವಿತ್ತು. ಚಿನ್ನಕ್ಕನಿಗೆ ಅದು ನೆನಪಿನಲ್ಲೇ ಇರಲಿಲ್ಲ. ಬೀದಿಯಲ್ಲಿ ಯಾರದೋ ಅಂಗಿ ಹಿಡಿದು ಎಳೆದದ್ದು ಮಾತ್ರ ಈಗ ಮಸುಕಾಗಿ ಹೊಳೆಯಿತು.

"ಸಿಟ್ಟು ಯಾಕೆ ಗೊತ್ತಾ?" ಪ್ರಸನ್ನಿಯ ದನಿ ಏರಿತು. "ಮೂರು ವರ್ಷ ಆಯ್ತು. ಒಂದಿನ ಬಂದು ನೋಡ್ದೇನೇ? ಒಂದು ಫೋನಾದ್ರೂ? ಇವ್ಳ ಮುಖ ಹೆಂಗೈತೋ ಅಂತ ಹೆದರ್ಕಂಡ್ಯಾ?"

"ಹೌದು," ಎಂದಳು ಚಿನ್ನಕ್ಕ. ಸುಳ್ಳು ಹೇಳುವ ಶಕ್ತಿ ಅವಳಲ್ಲಿ ಉಳಿದಿರಲಿಲ್ಲ. "ಭಾಳ ಹೆದರಿದ್ದೆ."

ಪ್ರಸನ್ನಿ ಮತ್ತೆ ಕತ್ತಿ ತೆಗೆದುಕೊಂಡು ಸೊಪ್ಪು ಹೆಚ್ಚತೊಡಗಿದಳು. ಚಿನ್ನಕ್ಕ ಪಕ್ಕಕ್ಕೆ ಸರಿದು ಸೊಪ್ಪಿನ ಕಟ್ಟು ಬಿಚ್ಚಿ ಕೊಟ್ಟಳು. ಅರ್ಧ ಬುಟ್ಟಿ ತುಂಬಿದ ಮೇಲೆ ಪ್ರಸನ್ನಿಯೇ ಕೇಳಿದಳು.

"ಇವತ್ತು ಯಾಕೆ ಬಂದೆ?"

ಚಿನ್ನಕ್ಕ ಎಲ್ಲ ಹೇಳಿದಳು. ಬೋರ್ಡು, ಬಾಗಿಲು, ಬಂಡಲುಗಳು, ಮಂಜುಳಮ್ಮನ ಮಂಡಿ, ಪುಕ್ಕ. ಪುಕ್ಕದ ಮಾತು ಬಂದಾಗ ಪ್ರಸನ್ನಿ ಕತ್ತಿ ನಿಲ್ಲಿಸಿದಳು.

"ಪುಕ್ಕ ತರಕ್ಕೆ ಶುರು ಮಾಡಿದ್ರೆ ಮೊಟ್ಟೆ ಇಡೋ ಹೊತ್ತು ಹತ್ರ ಬಂದೈತೆ. ಇನ್ನು ಎರಡು ಮೂರು ದಿನ. ಮೊಟ್ಟೆ ಇಟ್ರೆ ಮರಿ ಹಾರೋವರ್ಗೂ ತಿಂಗ್ಳು. ಅಷ್ಟು ದಿನ ಆ ಬೋರ್ಡು ಹಂಗೇ ಇರ್ತದಾ?"

ಎದ್ದು ಹಿತ್ತಲಿಗೆ ಕರೆದೊಯ್ದಳು. ಗೋಡೆಗೆ ಹೊಡೆದ ಐದಾರು ಮರದ ಗೂಡುಗಳಲ್ಲಿ ಗುಬ್ಬಿಗಳ ಗದ್ದಲವಿತ್ತು. ಒಂದು ಖಾಲಿ ಗೂಡನ್ನು ಕಳಚಿ ತೋರಿಸಿದಳು.

"ನೀನು ಮಡಕೆ ತೂಗಾಕಿದ್ದೇ ತಪ್ಪು. ಗಾಳಿಗೆ ಅಲ್ಲಾಡಿದ್ರೆ ಅವು ಬರಲ್ಲ. ಬಾಯಿನೂ ದೊಡ್ಡದು, ಕಾಗೆ ಮೂತಿ ತೂರಿಸ್ತದೆ. ನೋಡು, ತೂತು ಇಷ್ಟೇ ಇರ್ಬೇಕು, ಹೆಬ್ಬೆಟ್ಟು ತೋರುಬೆಟ್ಟು ಸೇರ್ಸಿದ್ರೆ ಆಗೋ ಉಂಗುರಕ್ಕಿಂತ ಚೂರು ಕಮ್ಮಿ. ಮುಂದೆ ಕಡ್ಡಿ ಗಿಡ್ಡಿ ಹೊಡೀಬ್ಯಾಡ, ಕಾಗೆ ಕುತ್ಕಂತದೆ. ಬಣ್ಣ ಬಳೀಬ್ಯಾಡ. ಮಧ್ಯಾಹ್ನದ ಬಿಸ್ಲು ಬೀಳ್ಬಾರ್ದು. ಬೆಕ್ಕು ನೆಗೆದ್ರೆ ಸಿಕ್ಬಾರ್ದು. ದೂರ ಹಾಕ್ಬ್ಯಾಡ, ಅವು ಓಡಾಡೋ ದಾರೀಲೇ ಹಾಕು."

"ಆದರೂ ಅವು ಬೋರ್ಡಿಗೇ ಹೋಗ್ತಾವಲ್ಲ?"

"ಹೋಗ್ತವೆ. ಅದಕ್ಕೇ ಇದನ್ನ ಹೊಡೆದ ದಿನವೇ ಅದನ್ನ ಮುಚ್ಬೇಕು. ಎರಡೂ ಹೊರಗೆ ಇರೋವಾಗ ಗೂಡು ಪೂರ್ತಿ ತೆಗೆದು, ತಗಡು ಬಡಿ. ಆ ಹುಲ್ಲೇ ತಂದು ಇದರಾಗೆ ಇಡು. ಚಿಂದಿ ತುರ್ಕಿದ್ರೆ ಕೇಳ್ತವಾ ಅವು?"

ಹೊರಡುವಾಗ ಪ್ರಸನ್ನಿ ಬಸ್ಸಿಗೆ ಬಿಡಲು ಬರಲಿಲ್ಲ. ಜನ ಕೊರಳನ್ನೇ ನೋಡುತ್ತಾರೆಂದು ಅವಳು ಮನೆಯ ಬೀದಿ ದಾಟುತ್ತಿರಲಿಲ್ಲ. ಜಗಲಿಯಿಂದಲೇ ಹೇಳಿದಳು. "ಗುಬ್ಬಿ ಬಂದ್ವೋ ಇಲ್ವೋ ಫೋನ್ ಮಾಡು. ಮಾಡ್ದೆ ಇರ್ಬ್ಯಾಡ."

ರಾಯದುರ್ಗದಲ್ಲಿ ಮಷೀನುಗಳ ಮರದ ಮೇಜು ದುರಸ್ತಿ ಮಾಡುತ್ತಿದ್ದ ಮುದುಕ ಜಂಬಯ್ಯನಿಗೆ ಚಿನ್ನಕ್ಕ ಮರುದಿನವೇ ಹೇಳಿದಳು. ಅವನು ಹಳೆಯ ಹಲಗೆಯ ತುಂಡುಗಳಿಂದ ಸಂಜೆಯೊಳಗೆ ಗೂಡು ಮಾಡಿದ. ಮಾರನೆಯ ಬೆಳಿಗ್ಗೆ ಶೆಡ್ಡಿನ ಹೊರಗೋಡೆಗೆ, ಸೂರಿನ ನೆರಳಿನಲ್ಲಿ, ಅದನ್ನು ಭದ್ರವಾಗಿ ಹೊಡೆದ. ಕೊಟ್ರಬಸಪ್ಪ ಬಳ್ಳಾರಿಗೆ ಹೋಗಿದ್ದ, ಸಂಜೆಗೆ ಬರುತ್ತೇನೆಂದು ಹೇಳಿದ್ದ.

"ಹತ್ತಕ್ಕ ಕರೆಂಟು ಹೋಗತೈತಿ," ಎಂದಳು ಚಿನ್ನಕ್ಕ. "ಹೋದ ಕೂಡಲೇ ತೆಗೀತೀನಿ."

"ನಾ ತೆಗೀತೀನಿ ಬಿಡವ್ವ," ಎಂದ ಜಂಬಯ್ಯ. ಆದರೆ ಅವನ ದಪ್ಪ ಕೈ ಆ ತೂತಿನಲ್ಲಿ ಹಿಡಿಸುವಂತಿರಲಿಲ್ಲ. ಅವಳದು ಹಿಡಿಸುತ್ತಿತ್ತು.

ಹತ್ತು ದಾಟಿ ಸ್ವಲ್ಪ ಹೊತ್ತಿಗೆ ಮಷೀನುಗಳೆಲ್ಲ ಒಮ್ಮೆಲೇ ನಿಂತವು. ಕೆಲಸದವರು ಚಹಾ ಕುಡಿಯಲು ಓಣಿಗೆ ಹೋದರು. ಮಂಜುಳಮ್ಮ ಮಾತ್ರ ಮಂಡಿನೋವಿನಿಂದ ಏಳದೆ ಒಳಗೆ, ಬಂಡಲುಗಳ ಹತ್ತಿರವೇ ಕೂತು ದಾರ ಕತ್ತರಿಸುತ್ತಿದ್ದಳು. ಜಂಬಯ್ಯ ತೂತಿನ ಅಳತೆ ತೆಗೆದುಕೊಂಡು, ತಗಡು ಕತ್ತರಿಸಲು ಬೇವಿನ ಮರದ ಕೆಳಗೆ ಹೋದ. ಗುಬ್ಬಿಗಳೆರಡೂ ಹಿತ್ತಲ ನಲ್ಲಿಯ ಹತ್ತಿರ ನೀರಿನಲ್ಲಿ ಹೊರಳಾಡುತ್ತಿದ್ದವು.

ಚಿನ್ನಕ್ಕ ಮೇನ್ ಸ್ವಿಚ್ಚು ಕೆಳಗೆಳೆದಳು. ಎಳೆದದ್ದನ್ನು ಎರಡು ಸಲ ನೋಡಿದಳು. ಸ್ಟೂಲಿನ ಮೇಲೆ ನಿಂತು ತೂತಿನೊಳಗೆ ಕೈ ತೂರಿಸಿದಳು. ಬೆರಳಿಗೆ ಹುಲ್ಲು ತಾಗಿತು, ಮೆತ್ತನೆಯ ಪುಕ್ಕ ತಾಗಿತು. ಮೊಟ್ಟೆ ಇದೆಯೇ ಎಂದು ಹೆದರುತ್ತಾ ತಡವಿದಳು. ಇರಲಿಲ್ಲ. ಒಂದು ಹಿಡಿ ಹೊರಗೆಳೆದಳು. ನೀಲಿ ದಾರದ ಉಂಡೆಯ ಒಂದು ಮಗ್ಗುಲು ಕಪ್ಪಾಗಿತ್ತು. ಮೂಗಿಗೆ ಹಿಡಿದಳು. ಸುಟ್ಟ ವಾಸನೆ.

ಇದು ಆಗಲೇ ಒಮ್ಮೆ ಹೊತ್ತಿ ತಾನಾಗಿಯೇ ಆರಿತ್ತು. ಯಾವಾಗ? ಯಾವ ದಿನ ಅವರೆಲ್ಲ ಪಕ್ಕದಲ್ಲೇ ಕೂತು ಹೊಲಿಯುತ್ತಿದ್ದಾಗ? ಆ ಉಂಡೆಯನ್ನು ಸೆರಗಿನಲ್ಲಿ ಕಟ್ಟಿಕೊಂಡಳು. ಉಳಿದದ್ದನ್ನು ತೆಗೆಯಲು ಮತ್ತೆ ಕೈ ಹಾಕಿದಳು. ಒಳಗೆ ಮೈ ಸುಲಿದ ತಂತಿ ಇದೆಯೆಂದು ಬೆರಳಿಗೆ ಗೊತ್ತಾಯಿತು.

ಅಷ್ಟರಲ್ಲಿ ಹಿತ್ತಲಿನ ಮೂಲೆಯಿಂದ ಒಂದು ಸದ್ದು ಕೇಳಿತು. ಜನರೇಟರಿನ ಹಗ್ಗ ಎಳೆಯುವ ಸದ್ದು. ಬಳ್ಳಾರಿಯ ಕೆಲಸ ಬೇಗ ಮುಗಿದು ಕೊಟ್ರಬಸಪ್ಪ ಹಿಂದಿನ ಗೇಟಿನಿಂದ ಬಂದಿದ್ದ. ಕರೆಂಟಿಲ್ಲದ್ದು ನೋಡಿ, ಲಾಟು ತಡವಾಗುತ್ತದೆಂದು ನೇರವಾಗಿ ಜನರೇಟರಿಗೇ ಕೈ ಹಾಕಿದ್ದ. ಅದರ ವೈರನ್ನು ಹಿಂದೆ ಯಾರೋ ಮೇನ್ ಸ್ವಿಚ್ಚಿನ ಆಚೆಯೇ ಬೋರ್ಡಿಗೆ ಜೋಡಿಸಿದ್ದರು. ಮೇನು ಕೆಳಗಿದ್ದರೂ ಜನರೇಟರ್ ಹೊತ್ತಿದರೆ ಬೋರ್ಡಿಗೆ ಕರೆಂಟು ಬರುತ್ತಿತ್ತು. ಇದು ಚಿನ್ನಕ್ಕನಿಗೂ ಗೊತ್ತಿತ್ತು. ಹೆದರಿಕೆಯಲ್ಲಿ ಮರೆತಿದ್ದಳು.

ಮೊದಲನೇ ಎಳೆತಕ್ಕೆ ಜನರೇಟರ್ ಕೆಮ್ಮಿತು. "ಅಣ್ಣಾ, ಬ್ಯಾಡ್ರಿ!" ಎಂದು ಕೂಗಬೇಕೆಂದುಕೊಂಡಳು, ದನಿ ಏಳಲಿಲ್ಲ. ಬಳೆ ತೂತಿನ ಅಂಚಿಗೆ ಸಿಕ್ಕಿಕೊಂಡಿತ್ತು. ಕೈಯನ್ನು ಒಮ್ಮೆಲೇ ಕಿತ್ತಳು. ಬಳೆ ಒಡೆಯಿತು, ಮಣಿಕಟ್ಟು ಹರಿಯಿತು, ಕೈ ಹೊರಗೆ ಬಂತು. ಎರಡನೇ ಎಳೆತಕ್ಕೆ ಜನರೇಟರ್ ಗುಡುಗಿ ಹೊತ್ತಿಕೊಂಡಿತು. ಬೋರ್ಡಿನೊಳಗೆ ನೀಲಿ ಬೆಳಕು ಚಿಮ್ಮಿತು. ಅವಳು ಅರ್ಧ ಎಳೆದಿದ್ದ ಗೂಡು ಅಂಚಿನಲ್ಲಿ ಜೋತುಬಿದ್ದಿತ್ತು. ಅದಕ್ಕೆ ಬೆಂಕಿ ಹತ್ತಿ, ಉರಿಯುತ್ತಲೇ ಕಳಚಿ, ಬಾಗಿಲ ಬುಡದಲ್ಲಿ ಗುಡಿಸಿಟ್ಟಿದ್ದ ಹತ್ತಿ ಧೂಳಿನ ರಾಶಿಯ ಮೇಲೆ ಬಿತ್ತು.

ಅವಳು ಓಡಿದಳು. ಯೋಚಿಸಿ ಓಡಿದ್ದಲ್ಲ. ಕಾಲುಗಳೇ ಅವಳನ್ನು ಸ್ಟೂಲಿನಿಂದ ಹಾರಿಸಿ ಬಾಗಿಲಾಚೆ ಒಯ್ದವು. ಬೆನ್ನ ಹಿಂದೆ ಮಂಜುಳಮ್ಮನ ಕೂಗು ಕೇಳಿತು.

"ಚಿನ್ನಕ್ಕಾ! ನನ್ನ ಬಿಟ್ಟು ಹೋಗಬ್ಯಾಡಬೇ!"

ಮತ್ತೆ ಅದೇ. ಮತ್ತೆ ಹೆಸರು ಹಿಡಿದು ಕೂಗು, ಮತ್ತೆ ತಾನು ಹೊರಗೆ. ಆದರೆ ಈಗ ಅವಳು ಓಡುತ್ತಿದ್ದ ದಿಕ್ಕಿನಲ್ಲೇ ಜನರೇಟರ್ ಇತ್ತು. ಹೋಗಿ ಕೊಟ್ರಬಸಪ್ಪನನ್ನು ಎರಡೂ ಕೈಯಿಂದ ತಳ್ಳಿ, ಅದರ ಗುಂಡಿ ಒತ್ತಿದಳು. ಜನರೇಟರ್ ನಿಂತಿತು.

"ಏನಾತು?" ಎಂದ ಕೊಟ್ರಬಸಪ್ಪ. ಅವಳು ಶೆಡ್ಡಿನತ್ತ ಕೈ ತೋರಿಸಿದಳು. ಬಾಗಿಲಿನಿಂದ ಕಪ್ಪು ಹೊಗೆ ಬರುತ್ತಿತ್ತು. ಅವನ ಮುಖದ ಬಣ್ಣ ಇಳಿದುಹೋಯಿತು.

ಚಿನ್ನಕ್ಕ ಹಿಂದಿರುಗಿ ಹೊಸ್ತಿಲಿನವರೆಗೆ ಬಂದಳು. ಅಲ್ಲಿಂದ ಒಂದು ಹೆಜ್ಜೆಯೂ ಮುಂದಿಡಲು ಆಗಲಿಲ್ಲ. ಎಡಗಡೆ ಧೂಳಿನ ರಾಶಿ ಬುಸುಬುಸು ಉರಿಯುತ್ತಿತ್ತು. ಬಲಗಡೆ ಒಬ್ಬರು ದಾಟುವಷ್ಟು ಜಾಗ ಇನ್ನೂ ಇತ್ತು. ಒಳಗೆ ಹೊಗೆಯಲ್ಲಿ ಮಂಜುಳಮ್ಮ ಕಾಣುತ್ತಿರಲಿಲ್ಲ, ಕೆಮ್ಮು ಮಾತ್ರ ಕೇಳುತ್ತಿತ್ತು.

"ಮಂಜುಳಕ್ಕಾ! ಇಲ್ಲೇ ಅದೀನ್ರಿ! ನಿಮ್ಮ ಎಡಗಡೆ ಗ್ವಾಡಿ ಹಿಡಕೊಂಡು ಬರ್ರಿ! ನನ್ನ ದನಿಗೆ ಬರ್ರಿ!"

ಬಾಗಿಲ ಚೌಕಟ್ಟನ್ನು ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯನ್ನು ಹೊಗೆಯೊಳಗೆ ಚಾಚಿದಳು. ಮೈಯೆಲ್ಲ ಓಡು ಓಡು ಎನ್ನುತ್ತಿತ್ತು. ಕಣ್ಣುಮುಚ್ಚಿ, ನಿಲ್ಲಿಸದೆ ಕೂಗುತ್ತಾ ನಿಂತಳು. "ಬರ್ರಿ, ಬರ್ರಿ, ಇಲ್ಲೇ ಅದೀನಿ." ಎಷ್ಟು ಹೊತ್ತಾಯಿತೋ. ಕೊನೆಗೆ ಒಂದು ಬೆವೆತ ಕೈ ಅವಳ ಬೆರಳುಗಳಿಗೆ ತಾಗಿತು. ಹಿಡಿದು ಎಳೆದಳು. ಇಬ್ಬರೂ ಹಿತ್ತಲ ಮಣ್ಣಿನಲ್ಲಿ ಹೋಗಿ ಬಿದ್ದರು.

ಜಂಬಯ್ಯ ಮರಳಿನ ಬಕೆಟ್ಟು ತಂದು ಸುರಿದ. ಕೊಟ್ರಬಸಪ್ಪ ನಲ್ಲಿಯ ಹತ್ತಿರದ ಗೋಣಿಚೀಲವನ್ನು ನೀರಿನಲ್ಲಿ ಅದ್ದಿ ಬೆಂಕಿಯ ಮೇಲೆ ಬಡಿದ. ಓಣಿಯಿಂದ ಉಳಿದವರು ಓಡಿಬಂದರು. ಬೆಂಕಿ ಬಂಡಲುಗಳನ್ನು ಮುಟ್ಟುವ ಮೊದಲೇ ಆರಿತು. ಸುಟ್ಟದ್ದು ಬೋರ್ಡು, ಬಾಗಿಲ ಒಂದು ಪಟ್ಟಿ, ಹತ್ತಾರು ಪ್ಯಾಂಟು. ಕೊಟ್ರಬಸಪ್ಪನ ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು. ಚಿನ್ನಕ್ಕನ ಮಣಿಕಟ್ಟಿನಿಂದ ರಕ್ತ ಸುರಿಯುತ್ತಿತ್ತು.

"ಹೇಳದ ಕೇಳದ ಬೋರ್ಡಿನಾಗ ಕೈ ಹಾಕೂದಾ?" ಕೊಟ್ರಬಸಪ್ಪ ಮೊದಲು ರೇಗಿದ. "ನಾ ಜನರೇಟರ್ ಹೊತ್ತಿಸಿದಾಗ ನಿನ್ನ ಕೈ ಒಳಗ ಇದ್ದಿದ್ದರ? ಯಾರಿಗೆ ಮುಖ ತೋರಸಬೇಕಾಗಿತ್ತು ನಾನು?"

ಚಿನ್ನಕ್ಕ ಸೆರಗಿನಲ್ಲಿ ಕಟ್ಟಿಕೊಂಡಿದ್ದ ಕಪ್ಪಾದ ದಾರದ ಉಂಡೆಯನ್ನು ಬಿಚ್ಚಿ ಅವನ ಮುಂದೆ ಹಿಡಿದಳು.

"ಇದು ಇವತ್ತು ಸುಟ್ಟಿದ್ದಲ್ರಿ ಅಣ್ಣಾ. ಮೊದಲ ಸುಟ್ಟೈತಿ."

ಕೊಟ್ರಬಸಪ್ಪ ಅದನ್ನು ಕೈಯಲ್ಲಿ ತಿರುವಿ ತಿರುವಿ ನೋಡಿದ. ಮೂಸಿದ. ಆಮೇಲೆ ಅಲ್ಲೇ ನಲ್ಲಿಯ ಕಟ್ಟೆಯ ಮೇಲೆ ಕೂತುಬಿಟ್ಟ. ಆ ಮಧ್ಯಾಹ್ನ ಬೊಬ್ಬೆ ಎದ್ದ ಕೈಯಿಂದಲೇ ಹಿಂದಿನ ಬಾಗಿಲಿನ ಬಂಡಲುಗಳನ್ನು ಒಂದೊಂದಾಗಿ ಎತ್ತಿ ಮನೆಯ ಪಡಸಾಲೆಗೆ ಸಾಗಿಸಿದ. ಹಿಂದಿನ ಬಾಗಿಲು ಎಷ್ಟೋ ವರ್ಷದ ಮೇಲೆ ತೆರೆಯಿತು. ಸಂಜೆ ಕರೆಂಟಿನವನು ಬಂದ. ಹೊಸ ಬೋರ್ಡು, ಅದಕ್ಕೆ ಕಬ್ಬಿಣದ ಮುಚ್ಚಳ, ಜನರೇಟರಿಗೆ ಬೇರೆ ಸ್ವಿಚ್ಚು. ಮೂರು ದಿನ ಶೆಡ್ಡು ಮುಚ್ಚಿತ್ತು.

ಆ ಮೂರು ದಿನ ಚಿನ್ನಕ್ಕ ಮನೆಯಲ್ಲಿ ಮಲಗಿದ್ದಳು. ಬಸಲಿಂಗಮ್ಮ ಅನ್ನ ಕಲಸಿ ತಿನ್ನಿಸಿದಳು. ಮಂಜುಳಮ್ಮ ಕೋಲೂರಿಕೊಂಡು ನೋಡಲು ಬಂದು, ಬಾಗಿಲಲ್ಲೇ ಬಯ್ಯಲು ಶುರುಮಾಡಿ, ಅತ್ತು, ಚಹಾ ಕುಡಿದು ಹೋದಳು.

ಮತ್ತೆ ಕೆಲಸಕ್ಕೆ ಹೋದಾಗ ಗುಬ್ಬಿಗಳೆರಡೂ ವೈರಿನ ಮೇಲೆ ಕೂತು ಕಿರುಚುತ್ತಿದ್ದವು. ಮುಚ್ಚಿದ ಬೋರ್ಡಿಗೆ ಹೋಗಿ ಕುಕ್ಕಿ ಬರುತ್ತಿದ್ದವು. ಜಂಬಯ್ಯ ಹೊಡೆದ ಮರದ ಗೂಡಿನತ್ತ ಹೋಗುತ್ತಿರಲಿಲ್ಲ. ಅವುಗಳ ಹುಲ್ಲೆಲ್ಲ ಸುಟ್ಟುಹೋಗಿತ್ತು, ಗೂಡಿನಲ್ಲಿ ಇಡಲು ಏನೂ ಉಳಿದಿರಲಿಲ್ಲ. ಚಿನ್ನಕ್ಕ ಹೊಸ ಹುಲ್ಲನ್ನು ತೂತಿನಿಂದ ಸ್ವಲ್ಪ ಹೊರಗೆ ಕಾಣುವಂತೆ ಸಿಕ್ಕಿಸಿದಳು, ಕೆಳಗೆ ತಟ್ಟೆಯಲ್ಲಿ ನೀರಿಟ್ಟಳು. ಇವು ಬೇರೆ ಯಾವುದೋ ಮನೆಯ ಬೋರ್ಡು ಹುಡುಕಿಕೊಂಡರೆ? ಆ ಮನೆಯಲ್ಲಿ ಯಾರಿಗೂ ಹೆದರಿಕೆ ಇಲ್ಲದಿದ್ದರೆ?

ಐದನೇ ದಿನ ಗಂಡು ಗುಬ್ಬಿ ಗೂಡಿನ ಮಾಡಿನ ಮೇಲೆ ಕೂತಿತು. ಬಗ್ಗಿ ಒಳಗೆ ನೋಡಿತು. ಹಾರಿಹೋಯಿತು. ಮತ್ತೆ ಬಂದು ತಲೆ ತೂರಿಸಿತು. ಮಧ್ಯಾಹ್ನ ಪೂರ್ತಿ ಒಳಗೆ ಹೋಗಿ, ತೂತಿನಲ್ಲಿ ಮುಖ ಮಾಡಿ ಕೂಗಿ ಕೂಗಿ ಹೆಣ್ಣನ್ನು ಕರೆಯಿತು. ಮರುದಿನ ಎರಡೂ ಹುಲ್ಲು ಸಾಗಿಸತೊಡಗಿದವು. ಕೊಟ್ರಬಸಪ್ಪನ ಹೆಂಡತಿ ದಿನಾ ಬೆಳಿಗ್ಗೆ ಒಂದು ಹಿಡಿ ನವಣೆ ಚೆಲ್ಲುತ್ತಿದ್ದಳು. ಎರಡು ಮೂರು ವಾರದ ಮೇಲೆ ಒಂದು ದಿನ ಮಷೀನುಗಳು ನಿಂತಾಗ, ಗೂಡಿನೊಳಗಿಂದ ಸಣ್ಣ ಸಣ್ಣ ದನಿಗಳು ಕೇಳಿದವು.

ಚಿನ್ನಕ್ಕ ಅಲ್ಲೇ ನಿಂತು ಫೋನ್ ಮಾಡಿದಳು. ಅವು ಬಂದ ದಿನವೂ ಮಾಡಿದ್ದಳು, ಬೆಂಕಿಯ ಕತೆಯನ್ನೂ ಹೇಳಿದ್ದಳು. ಈಗ ಮೊಬೈಲನ್ನು ಗೂಡಿನ ಹತ್ತಿರ ಎತ್ತಿ ಹಿಡಿದಳು.

"ಕೇಳಸ್ತೇನು?"

"ಕೇಳ್ತು," ಎಂದಳು ಪ್ರಸನ್ನಿ. "ನಾನು ಬರ್ಲಾ ನೋಡಕ್ಕೆ?"

ಬರುವ ದಿನ ಚಿನ್ನಕ್ಕ ಒಂದು ಗಂಟೆ ಮುಂಚೆಯೇ ರಾಯದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದಳು. ಬರುವುದಿಲ್ಲವೇನೋ, ಅರ್ಧ ದಾರಿಯಲ್ಲಿ ಇಳಿದು ಹಿಂದಿರುಗಿದಳೇನೋ ಎಂದು ದಾರಿಯನ್ನೇ ನೋಡುತ್ತಿದ್ದಳು. ಎರಡು ಬಸ್ಸು ಬಂದು ಹೋದವು. ಮೂರನೆಯದರಿಂದ ಎಲ್ಲರೂ ಇಳಿದ ಮೇಲೆ ಕೊನೆಗೆ ಪ್ರಸನ್ನಿ ಇಳಿದಳು. ಸೆರಗನ್ನು ಕೊರಳ ಸುತ್ತ ಬಿಗಿಯಾಗಿ ಸುತ್ತಿಕೊಂಡಿದ್ದಳು, ಮುಖ ಬಿಳಿಚಿಕೊಂಡಿತ್ತು. ಹಣ್ಣಿನ ಗಾಡಿಯವನು ಅವಳನ್ನೇ ನೋಡಿದ. ಅವಳು ಅವನನ್ನು ನೋಡಲಿಲ್ಲ, ನೇರವಾಗಿ ಬಂದು ಚಿನ್ನಕ್ಕನ ತೋಳು ಹಿಡಿದಳು. ಕೈ ತಣ್ಣಗಿತ್ತು.

"ಬಾ, ಬೇಗ ನಡಿ," ಎಂದಳು. "ನಾನು ಬರೋದ್ರೊಳಗೆ ಮರಿ ಹಾರಿಹೋಗ್ಬಿಟ್ವೇನೋ ಅಂತ ದಾರಿಯೆಲ್ಲ ಹೆದರ್ಕಂಡೇ ಬಂದೆ ಕಣೇ."